ಓಪನ್‌ಬಾಕ್ಸ್‌ನಲ್ಲಿ ವೈಫೈ ಐಕಾನ್ ಎಲ್ಲಿ ಹೋಯಿತು?

ಪ್ರಶ್ನೆ: ಉಡುಪಿಯ ರಥಬೀದಿ ಹತ್ತಿರ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಹಳೇ ಲ್ಯಾಪ್‌ಟಾಪ್, 2 ಜಿಬಿ ರ‍್ಯಾಮ್. ತೀರಾ ನಿಧಾನ ಆಯಿತೆಂದು ಡೆಬಿಯನ್ ಲಿನಕ್ಸ್ ಹಾಕಿ, ಡೆಸ್ಕ್‌ಟಾಪ್ ಬದಲು ಬರೀ ಓಪನ್‌ಬಾಕ್ಸ್ ಇಟ್ಟುಕೊಂಡೆ. ಈಗ ಚೆನ್ನಾಗಿ ಓಡುತ್ತದೆ. ಆದರೆ ವೈಫೈ, ಬ್ಲೂಟೂತ್, ಬ್ಯಾಟರಿ, ಕನ್ನಡ ಕೀಬೋರ್ಡ್ ಯಾವುದರ ಐಕಾನೂ ಕಾಣುವುದಿಲ್ಲ. ವೈಫೈ ಐಕಾನ್ ತೋರಿಸುವ ಎನ್‌ಎಂ-ಆ್ಯಪ್ಲೆಟ್ ಚಾಲೂ ಇದೆ ಎಂದು ಟರ್ಮಿನಲ್ ಹೇಳುತ್ತದೆ. ಎಂತ ಮಾಡುವುದು?

ಉತ್ತರ: ಎನ್‌ಎಂ-ಆ್ಯಪ್ಲೆಟ್‌ಗೆ ಏನೂ ಆಗಿಲ್ಲ. ಅದಕ್ಕೆ ಕೂರಲು ಜಾಗ ಇಲ್ಲ, ಅಷ್ಟೇ. ಓಪನ್‌ಬಾಕ್ಸ್ ಬರೀ ವಿಂಡೋ ಮ್ಯಾನೇಜರ್. ವಿಂಡೋಗೆ ಚೌಕಟ್ಟು ಹಾಕುತ್ತದೆ, ಸರಿಸುತ್ತದೆ, ಬಲ ಕ್ಲಿಕ್ ಮಾಡಿದರೆ ಮೆನು ತೋರಿಸುತ್ತದೆ. ಕೆಳಗಿನ ಪಟ್ಟಿ, ಗಡಿಯಾರ, ಈ ಸಣ್ಣ ಐಕಾನ್‌ಗಳು ಕೂರುವ ಟ್ರೇ ಯಾವುದೂ ಅದರ ಜೊತೆ ಬರುವುದಿಲ್ಲ. ಫ್ಲಕ್ಸ್‌ಬಾಕ್ಸ್ ಅಥವಾ ಐಸ್‌ಡಬ್ಲ್ಯೂಎಂ ಎಂಬ ಬೇರೆ ವಿಂಡೋ ಮ್ಯಾನೇಜರ್ ಹಾಕಿದ್ದರೆ ನಿಮಗೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ, ಅವುಗಳ ಪಟ್ಟಿಯಲ್ಲೇ ಟ್ರೇ ಇದೆ.

ಒಳಗೆ ನಡೆಯುವುದು ಇಷ್ಟು. ಯಾವುದಾದರೂ ಒಂದು ಪ್ರೋಗ್ರಾಂ ಬಂದು, ಈ ಸ್ಕ್ರೀನಿನ ಟ್ರೇ ನಾನೇ ಎಂದು, ಸ್ಕ್ರೀನಿನ ಮೇಲೆ ವಿಂಡೋಗಳನ್ನು ತೋರಿಸುವ ಎಕ್ಸ್ ಸರ್ವರ್‌ಗೆ ಹೇಳಬೇಕು. ಐಕಾನ್ ತೋರಿಸುವ ಪ್ರೋಗ್ರಾಂಗಳು ಆ ಹಕ್ಕು ಯಾರ ಕೈಯಲ್ಲಿದೆ ಎಂದು ನೋಡಿ, ನನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳುತ್ತವೆ. ನೀವು ನೋಡುವ ಐಕಾನ್ ನಿಜಕ್ಕೂ ಒಂದು ಪುಟ್ಟ ವಿಂಡೋ. ಟ್ರೇ ಅದನ್ನು ತನ್ನ ಹೊಟ್ಟೆಯೊಳಗೆ ಕೂರಿಸಿಕೊಳ್ಳುತ್ತದೆ. ಈ ಪದ್ಧತಿಗೆ ಎಕ್ಸ್‌ಎಂಬೆಡ್ ಎನ್ನುತ್ತಾರೆ. ಹಕ್ಕು ಹಿಡಿದವರು ಯಾರೂ ಇಲ್ಲದಿದ್ದರೆ ಪ್ರೋಗ್ರಾಂ ಓಡುತ್ತಲೇ ಇರುತ್ತದೆ, ಐಕಾನ್ ಮಾತ್ರ ಎಲ್ಲೂ ಬರುವುದಿಲ್ಲ. ನಿಮ್ಮಲ್ಲಿ ಆಗಿರುವುದು ಇದೇ.

ಹಾಗಾದರೆ ಯಾವುದನ್ನು ಹಾಕುವುದು? ಟಾಸ್ಕ್‌ಬಾರ್, ಗಡಿಯಾರ ಎಲ್ಲ ಬೇಕಿದ್ದರೆ ಟಿಂಟ್2. ಅದರ ಸೆಟ್ಟಿಂಗ್ ಫೈಲಿನಲ್ಲಿ ಪಟ್ಟಿಯಲ್ಲಿ ಏನೇನಿರಬೇಕು ಎಂದು ಅಕ್ಷರಗಳಲ್ಲಿ ಬರೆದಿರುತ್ತದೆ, ಟ್ರೇಗೆ ದೊಡ್ಡ 'ಎಸ್'. ಆ ಅಕ್ಷರ ಬಿಟ್ಟುಹೋದರೆ ಟ್ರೇ ಇಲ್ಲ. ಟ್ರೇ ಒಂದೇ ಸಾಕು ಎನ್ನುವವರಿಗೆ ಟ್ರೇಯರ್ ಮತ್ತು ಸ್ಟಾಲೋನ್‌ಟ್ರೇ ಇವೆ. ಟ್ರೇಯರ್ ಸ್ಕ್ರೀನಿನ ಒಂದು ಅಂಚಿಗೆ ಅಂಟಿಕೊಳ್ಳುವ ಪಟ್ಟಿ. ಎಕ್ಸ್‌ಮೊನ್ಯಾಡ್ ಎಂಬ ಇನ್ನೊಂದು ವಿಂಡೋ ಮ್ಯಾನೇಜರ್ ಬಳಸುವವರಿಗೆ ಅದು ಹಳೇ ಪರಿಚಯ.

ನಿಮ್ಮ ಲ್ಯಾಪ್‌ಟಾಪಿಗೆ ನಾನು ಹೇಳುವುದು ಸ್ಟಾಲೋನ್‌ಟ್ರೇ. ತುಂಬಾ ಹಗುರ, ಓಪನ್‌ಬಾಕ್ಸ್ ಜೊತೆ ಜಗಳ ಇಲ್ಲ. ಓಪನ್‌ಬಾಕ್ಸ್‌ಗೆ ಡಾಕ್ ಎಂಬ ಒಂದು ಮೂಲೆ ಇದೆ, ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಸ್ಟಾಲೋನ್‌ಟ್ರೇಯ ಸೆಟ್ಟಿಂಗಿನಲ್ಲಿ ಡಾಕ್‌ಆ್ಯಪ್ ಮೋಡ್ ಎಂದಿರುವಲ್ಲಿ 'ಸಿಂಪಲ್' ಎಂದು ಬರೆದರೆ ಟ್ರೇ ಆ ಡಾಕ್‌ಗೆ ಹೋಗಿ ಕೂರುತ್ತದೆ. ಆಮೇಲೆ ಓಪನ್‌ಬಾಕ್ಸ್‌ನ ಸೆಟ್ಟಿಂಗ್ ಬದಲಿಸುವ ಒಬ್‌ಕಾನ್ಫ್ ತೆರೆದು ಡಾಕ್ ಎಂಬ ಟ್ಯಾಬ್‌ನಲ್ಲಿ ಅದು ಯಾವ ಮೂಲೆಯಲ್ಲಿರಬೇಕು, ಬೇಡವಾದಾಗ ಅಡಗಬೇಕಾ ಎಂದು ಆರಿಸಿ. ಡಾಕ್ ಬೇಡ ಎಂದಾದರೆ ಜಿಯಾಮೆಟ್ರಿ ಸಾಲಿನಲ್ಲಿ ಜಾಗ ಹೇಳಬಹುದು. ಒಂದು ವಿಷಯ ಗಮನಿಸಿ: ಅಲ್ಲಿ ಅಗಲ, ಎತ್ತರದ ಲೆಕ್ಕ ಐಕಾನ್‌ಗಳಲ್ಲಿ, ಪಿಕ್ಸೆಲ್‌ನಲ್ಲಿ ಅಲ್ಲ. ಅಗಲಕ್ಕೆ 5, ಎತ್ತರಕ್ಕೆ 1 ಎಂದರೆ ಒಂದು ಸಾಲಿನಲ್ಲಿ ಐದು ಐಕಾನ್. ಪಿಕ್ಸೆಲ್ ಎಂದುಕೊಂಡು 200 ಎಂದು ಬರೆದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಇನ್ನು ಶುರುಮಾಡುವ ಕ್ರಮ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಟ್ರೇ ಮೊದಲು ಏಳಬೇಕು, ಉಳಿದವು ಆಮೇಲೆ. ಎಲೆ ಹಾಕುವ ಮೊದಲೇ ಅನ್ನ ಬಡಿಸಿದರೆ ಆದೀತಾ ಮಾರಾಯ್ರೆ? ಒಳ್ಳೆಯ ಪ್ರೋಗ್ರಾಂಗಳು ಟ್ರೇ ಬರುವವರೆಗೆ ಕಾಯುತ್ತವೆ, ಎನ್‌ಎಂ-ಆ್ಯಪ್ಲೆಟ್ ಕೂಡ ಕಾಯುವ ಜಾತಿಯದ್ದೇ. ಕೆಲವು ಒಮ್ಮೆ ನೋಡಿ, ಟ್ರೇ ಇಲ್ಲ ಎಂದು ಸುಮ್ಮನಾಗಿಬಿಡುತ್ತವೆ. ನಿಮ್ಮ ಹೋಮ್ ಫೋಲ್ಡರಿನ ಡಾಟ್-ಕಾನ್ಫಿಗ್ ಒಳಗೆ ಓಪನ್‌ಬಾಕ್ಸ್ ಫೋಲ್ಡರ್ ಇದೆ. ಅದರಲ್ಲಿ ಆಟೋಸ್ಟಾರ್ಟ್ ಎಂಬ ಫೈಲಿನ ಮೊದಲ ಸಾಲಿನಲ್ಲಿ ಸ್ಟಾಲೋನ್‌ಟ್ರೇ ಹಾಕಿ. ಪ್ರತಿ ಸಾಲಿನ ಕೊನೆಗೆ & ಚಿಹ್ನೆ ಇರಲೇಬೇಕು. ಅದು ಶೆಲ್ ಸ್ಕ್ರಿಪ್ಟ್ ಆದ್ದರಿಂದ, & ಇಲ್ಲದಿದ್ದರೆ ಮೊದಲ ಪ್ರೋಗ್ರಾಂ ಮುಗಿಯುವವರೆಗೆ ಎರಡನೇ ಸಾಲಿಗೆ ಹೋಗುವುದಿಲ್ಲ. ಟ್ರೇ ಅಂತೂ ಮುಗಿಯುವ ಪ್ರೋಗ್ರಾಂ ಅಲ್ಲ. ಅಷ್ಟಾದರೂ ಯಾವುದೋ ಒಂದು ಹಠ ಮಾಡಿದರೆ ಅದರ ಸಾಲಿನಲ್ಲಿ ಸ್ಲೀಪ್ ಆದೇಶ ಸೇರಿಸಿ ಎರಡು-ಮೂರು ಸೆಕೆಂಡು ತಡ ಮಾಡಿಸಿ.

ಒಂದು ಸ್ಕ್ರೀನಿಗೆ ಒಂದೇ ಟ್ರೇ. ಟಿಂಟ್2ನಲ್ಲಿ ಟ್ರೇ ಇಟ್ಟುಕೊಂಡು ಸ್ಟಾಲೋನ್‌ಟ್ರೇಯನ್ನೂ ಓಡಿಸಿದರೆ ಹಕ್ಕು ಒಬ್ಬರಿಗೆ ಮಾತ್ರ ಸಿಗುತ್ತದೆ. ಸಂಶಯ ಬಂದರೆ ಸ್ಟಾಲೋನ್‌ಟ್ರೇಯನ್ನು ಟರ್ಮಿನಲ್‌ನಿಂದಲೇ ಶುರುಮಾಡಿ. ಬೇರೆ ಟ್ರೇ ಇದ್ದರೆ ಅಲ್ಲೇ ದೂರು ಹೇಳುತ್ತದೆ.

ಡಿಟಿಪಿ ಅಂಗಡಿಗೆ ಎಲ್ಲಕ್ಕಿಂತ ಮುಖ್ಯ ಕನ್ನಡ ಕೀಬೋರ್ಡಿನ ಐಕಾನ್. ಆಮಂತ್ರಣ ಪತ್ರಿಕೆ ಟೈಪ್ ಮಾಡುವಾಗ ಈಗ ಕನ್ನಡದಲ್ಲಿದ್ದೇನಾ, ಇಂಗ್ಲಿಷಿನಲ್ಲಾ ಎಂದು ಗೊತ್ತಾಗದಿದ್ದರೆ ಕೆಲಸ ಕೆಡುತ್ತದೆ. ಡೆಬಿಯನ್‌ನಲ್ಲಿ ಟೈಪಿಂಗ್ ವಿಧಾನ ಆರಿಸುವ ಐಎಂ-ಕಾನ್ಫಿಗ್ ನಡೆಸಿ, ಕೀಬೋರ್ಡಿನ ಭಾಷೆ ಬದಲಿಸಿಕೊಡುವ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಹಲವು ಭಾಷೆಗಳ ಕೀಬೋರ್ಡ್ ವಿನ್ಯಾಸ ಇರುವ ಎಂ17ಎನ್ ಪ್ಯಾಕೇಜ್ ಇದ್ದರೆ ಕೆಜಿಪಿ, ಅಂದರೆ ನುಡಿಯಲ್ಲಿ ನೀವು ಬಳಸುವ ವಿನ್ಯಾಸವೇ, ಪಟ್ಟಿಯಲ್ಲಿ ಸಿಗುತ್ತದೆ. ಟ್ರೇ ಇದ್ದರೂ ಐಬಸ್ ಐಕಾನ್ ಬರದಿದ್ದರೆ ಅದರ ಸೆಟ್ಟಿಂಗಿನಲ್ಲಿ ಸಿಸ್ಟಂ ಟ್ರೇಯಲ್ಲಿ ಐಕಾನ್ ತೋರಿಸು ಎನ್ನುವ ಟಿಕ್ ಇದೆಯಾ ನೋಡಿ. ಗಿರಾಕಿಗಳು ಪೆನ್‌ಡ್ರೈವ್ ತರುವುದು ಜಾಸ್ತಿ ಅಲ್ವಾ? ಯುಡಿಸ್ಕಿ ಎಂಬುದನ್ನು ಟ್ರೇ ಆಯ್ಕೆಯೊಂದಿಗೆ ಶುರುಮಾಡಿದರೆ ಡ್ರೈವ್ ಹಾಕುವುದು, ತೆಗೆಯುವುದು ಒಂದು ಕ್ಲಿಕ್ಕಿನ ಕೆಲಸ. ಬ್ಲೂಟೂತ್‌ಗೆ ಬ್ಲೂಮನ್ ಇದೆ.

ಇಷ್ಟೆಲ್ಲ ಮಾಡಿದರೂ ಒಂದೆರಡು ಹೊಸ ಪ್ರೋಗ್ರಾಂಗಳ ಐಕಾನ್ ಬರದೇ ಹೋಗಬಹುದು. ಅವು ಬೇರೆ ಪದ್ಧತಿಯವು. ಕೆಡಿಇ ಎಂಬ ಡೆಸ್ಕ್‌ಟಾಪಿನಿಂದ ಬಂದ ಸ್ಟೇಟಸ್ ನೋಟಿಫೈಯರ್ ಎಂಬುದರಲ್ಲಿ ಪುಟ್ಟ ವಿಂಡೋ ಇರುವುದಿಲ್ಲ. ನನ್ನ ಚಿತ್ರ ಇದು, ಮೆನು ಇದು ಎಂದು, ಪ್ರೋಗ್ರಾಂಗಳು ಪರಸ್ಪರ ಮಾತಾಡುವ ಡಿ-ಬಸ್ ಮೂಲಕ ಹೇಳುವುದಷ್ಟೇ. ಸ್ಟಾಲೋನ್‌ಟ್ರೇಗೆ ಈ ಭಾಷೆ ಬರುವುದಿಲ್ಲ. ಸ್ನಿಕ್ಸ್‌ಎಂಬೆಡ್ ಎಂಬ ಸಣ್ಣ ಪ್ರೋಗ್ರಾಂ ನಡುವೆ ನಿಂತು ಹೊಸದನ್ನು ಹಳೇ ಟ್ರೇಗೆ ಕೂರಿಸುತ್ತದೆ. ಪ್ರೋಗ್ರಾಂಗಳಿಗೆ ಬಟನ್, ಮೆನು ಒದಗಿಸುವ ಜಿಟಿಕೆಯ ಬಳಗ ಹಳೇ ಟ್ರೇ ಐಕಾನಿನ ಸೌಲಭ್ಯವನ್ನು 2014ರಲ್ಲೇ ಬೇಡವೆಂದಿತು, 2020ರ ಜಿಟಿಕೆ 4ರಲ್ಲಿ ತೆಗೆದೇ ಹಾಕಿತು. ಎಕ್ಸ್ ಬದಲಿಗೆ ಬಂದಿರುವ ವೇಲ್ಯಾಂಡ್‌ಗೆ ಹೋದರೆ ಸ್ಟಾಲೋನ್‌ಟ್ರೇ ಉಪಯೋಗಕ್ಕೆ ಬರುವುದಿಲ್ಲ, ಅಲ್ಲಿ ವೇಬಾರ್‌ನಂಥ ಪಟ್ಟಿಗಳು ಹೊಸ ಪದ್ಧತಿಯನ್ನೇ ನಂಬಿವೆ. ಆದರೆ ಓಪನ್‌ಬಾಕ್ಸ್ ಎಕ್ಸ್ ಮೇಲೆ ಓಡುವಂಥದ್ದು, ಹಾಗಾಗಿ ಸದ್ಯಕ್ಕೆ ನಿಮಗೆ ಆ ತಲೆಬಿಸಿ ಇಲ್ಲ.

ಕೆಲವು ಐಕಾನ್ ಹಿಂದೆ ಕಪ್ಪು ಚೌಕ ಕಂಡರೆ ಗಾಬರಿ ಬೇಡ. ಪುಟ್ಟ ವಿಂಡೋಗೆ ಪಾರದರ್ಶಕತೆ ಸರಿಯಾಗಿ ಬಾರದೆ ಹಾಗಾಗುತ್ತದೆ. ಟ್ರೇಯ ಹಿನ್ನೆಲೆಯನ್ನೂ ಕಪ್ಪು ಮಾಡಿಬಿಡಿ, ಸುಲಭ.

ಕೊನೆಗೆ ಬ್ಯಾಟರಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ನಮ್ಮ ಕಡೆ ಮಾಮೂಲಿ. ಹಳೇ ಬ್ಯಾಟರಿ ಎಷ್ಟು ಹೊತ್ತು ಬರುತ್ತದೋ ಹೇಳಲಾಗದು. ಸಿಬ್ಯಾಟಿಕಾನ್ ಹಾಕಿಕೊಳ್ಳಿ. ಅದು ಐಕಾನ್ ತೋರಿಸುವುದರ ಜೊತೆಗೆ, ಚಾರ್ಜ್ ನೀವು ಹೇಳಿದ ಮಟ್ಟಕ್ಕೆ ಇಳಿದಾಗ ಒಂದು ಆದೇಶವನ್ನೂ ನಡೆಸುತ್ತದೆ. ಸುಮ್ನೆ ಬಿಟ್ಟರೆ ಆ ಮಟ್ಟ ಶೇಕಡಾ 5. ಹಳೇ ಬ್ಯಾಟರಿಗೆ ಅದು ತೀರಾ ಕಡಿಮೆ, 15ಕ್ಕೆ ಏರಿಸಿ ಸಸ್ಪೆಂಡ್ ಆದೇಶ ಕೊಡಿ.