ಪುಟ್ಟ ಮಕ್ಕಳಿರುವ ಮನೆಯಲ್ಲಿ ಕೋವಿ ಎಲ್ಲಿಡಬೇಕು?

ಪ್ರಶ್ನೆ: ನಮ್ಮದು ಕಾಫಿ ತೋಟದ ನಡುವಿನ ಮನೆ. ಅಜ್ಜನ ಕಾಲದ ಜೋಡುನಳಿಗೆ ತೋಟಾ ಕೋವಿಯೊಂದು, ಬಾಯಿಯಿಂದ ಮದ್ದು ಜಡಿಯುವ ಕೇಪಿನ ಕೋವಿಯೊಂದು ಇವೆ. ಇಷ್ಟು ವರ್ಷ ನಡುಮನೆಯ ಗೋಡೆಗೂಟಕ್ಕೆ ತೂಗುಹಾಕಿದ್ದೆವು. ಈಗ ಮನೆಯಲ್ಲಿ ಮೂರು ವರ್ಷದ ಮೊಮ್ಮಗ, ಏಳು ವರ್ಷದ ಮೊಮ್ಮಗಳು ಇದ್ದಾರೆ. ರಾತ್ರಿ ಆನೆ, ಹಂದಿ ಬಂದರೆ ಕೋವಿ ನಮ್ಮ ಕೈಗೆ ಸಿಗಬೇಕು, ಮಕ್ಕಳ ಕೈಗೆ ಸಿಗಬಾರದು. ಹೇಗೆ ಇಡುವುದು?

ಉತ್ತರ: ಖಾಲಿ ಮಾಡಿದ ಕೋವಿ ಒಂದು ಬೀಗದೊಳಗೆ, ತೋಟಾಗಳು ಬೇರೆ ಕೋಣೆಯ ಇನ್ನೊಂದು ಬೀಗದೊಳಗೆ, ಎರಡರ ಕೀಲಿಯೂ ಕೋವಿಯ ಹಕ್ಕುದಾರರ ಮೈಮೇಲೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದೂ ಇದನ್ನೇ. ಕೋವಿ ಖಾಲಿ ಇರುವುದು, ಬೀಗದಲ್ಲಿ ಇರುವುದು, ತೋಟಾ ಬೇರೆ ಇರುವುದು, ತೋಟಾಕ್ಕೂ ಬೀಗ ಇರುವುದು: ಈ ನಾಲ್ಕರಲ್ಲಿ ಒಂದೊಂದೂ ಮಕ್ಕಳಿಗೆ ಗುಂಡೇಟು ಬೀಳುವ ಅಪಾಯವನ್ನು ಪ್ರತ್ಯೇಕವಾಗಿ ತಗ್ಗಿಸುತ್ತದೆಂದು ಅಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡಿತು. ಮೊದಲು ಮಾಡಬೇಕಾದ ಕೆಲಸವೆಂದರೆ ಗೋಡೆಗೂಟದಿಂದ ಇವತ್ತೇ ಕೋವಿಗಳನ್ನು ಇಳಿಸುವುದು.

ಅಟ್ಟದ ಮೇಲೆ, ಬೀರುವಿನ ತಲೆಯ ಮೇಲೆ, ಪತ್ತಾಯದ ಹಿಂದೆ ಬಚ್ಚಿಟ್ಟರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಸಾಲದು. 2006ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಕೋವಿ ಎಲ್ಲಿದೆಯೆಂದು ಮಗುವಿಗೆ ಗೊತ್ತಿಲ್ಲ ಎಂದ ತಂದೆತಾಯಿಗಳಲ್ಲಿ 39 ಶೇಕಡಾ ಜನರ ಮಾತನ್ನು ಅವರ ಮಕ್ಕಳೇ ಸುಳ್ಳು ಮಾಡಿದರು. ನಮ್ಮ ಮಗು ಅದನ್ನು ಮುಟ್ಟಿಯೇ ಇಲ್ಲ ಎಂದವರಲ್ಲೂ 22 ಶೇಕಡಾ ಜನರಿಗೆ ಹಾಗೇ ಆಯಿತು. ಏಳು ವರ್ಷದ ಮಗು ಕುರ್ಚಿ ಎಳೆದು ಹತ್ತಬಲ್ಲದು. ಮೂರು ವರ್ಷದ ಮಗುವಿಗೆ ಟ್ರಿಗರ್ ಎಳೆಯುವ ಶಕ್ತಿ ಇರುವುದಿಲ್ಲ ಎಂಬ ನಂಬಿಕೆಯೂ ತಪ್ಪು. ಹೆಬ್ಬೆರಳೆರಡನ್ನೂ ಟ್ರಿಗರ್ ಮೇಲಿಟ್ಟು ಒತ್ತಿದರೆ ಎಳೆಯ ಕೈಗೂ ಅದು ಬಗ್ಗುತ್ತದೆ, ಮತ್ತು ಮಕ್ಕಳು ಹಾಗೆ ಒತ್ತುವಾಗ ನಳಿಗೆಯ ಬಾಯಿ ಅವರ ಕಡೆಗೇ ಇರಬಹುದು.

ಇನ್ನು ಖಾಲಿ ಮಾಡುವ ವಿಷಯ. ಎಷ್ಟೋ ಅನಾಹುತಗಳು 'ಖಾಲಿ' ಎಂದುಕೊಂಡ ಕೋವಿಯಿಂದಲೇ ಆಗುವುದರಿಂದ ಇದನ್ನು ನಿಧಾನವಾಗಿ ಓದಿ. ತೋಟಾ ಕೋವಿಯನ್ನು ಮನೆಯೊಳಗೆ ತರುವ ಮೊದಲು, ಅಂಗಳದಲ್ಲೇ, ಮಣ್ಣಿನ ದಿಬ್ಬದ ಕಡೆಗೆ ಬಾಯಿ ಮಾಡಿ ಖಾಲಿ ಮಾಡಬೇಕು. ಸಿಮೆಂಟು ನೆಲದ ಕಡೆಗೆ ಬೇಡ, ಚರೆ ಪುಟಿದು ಬರುತ್ತದೆ. ಬೆರಳು ಟ್ರಿಗರ್ ಕಾವಲಿನ ಹೊರಗಿರಲಿ. ಲಿವರ್ ತಿರುಗಿಸಿ ಕೋವಿ ಮುರಿಯಿರಿ, ಅಂದರೆ ನಳಿಗೆ ಬಗ್ಗಿಸಿ ಹಿಂಬದಿ ತೆರೆಯಿರಿ, ಎರಡೂ ತೋಟಾ ಹೊರತೆಗೆಯಿರಿ. ಜೋಡುನಳಿಗೆಯಲ್ಲಿ ನಡೆಯುವ ತಪ್ಪು ಇಲ್ಲಿಯೇ: ಒಂದು ಈಡು ಹೊಡೆದು, ಸುಟ್ಟ ತೋಟಾ ತೆಗೆದು, ಇನ್ನೊಂದು ನಳಿಗೆಯಲ್ಲಿ ಜೀವಂತ ತೋಟಾ ಉಳಿದಿರುವುದನ್ನು ಮರೆಯುವುದು. ಮಳೆಗಾಲದ ತೇವಕ್ಕೆ ಊದಿಕೊಂಡ ಹಳೆಯ ತೋಟಾ ನಳಿಗೆಗೆ ಕಚ್ಚಿಕೊಂಡು, ಅದನ್ನು ಹೊರಗೆತ್ತುವ ಎಕ್ಸ್‌ಟ್ರಾಕ್ಟರ್ ಮೇಲೆ ಬಂದರೂ ತಾನು ಒಳಗೇ ಉಳಿಯುವುದುಂಟು. ಆದ್ದರಿಂದ ಕಣ್ಣಿನಿಂದ ನೋಡಿದರೆ ಸಾಲದು, ಕಿರುಬೆರಳನ್ನು ಎರಡೂ ನಳಿಗೆಗೆ ಹಾಕಿ ಮುಟ್ಟಿ ನೋಡಿ. ಕೊನೆಗೆ ಹಿಂಬದಿಯಿಂದ ಬೆಳಕಿಗೆ ಹಿಡಿದರೆ ಎರಡರಲ್ಲೂ ಆಚೆಯ ಬೆಳಕು ಕಾಣಬೇಕು.

ಸೇಫ್ಟಿ ಗುಂಡಿಯನ್ನು ನಂಬಿ ತೋಟಾ ತುಂಬಿದ ಕೋವಿಯನ್ನು ಇಡಲೇಬಾರದು. ಬಹುಪಾಲು ಜೋಡುನಳಿಗೆಗಳಲ್ಲಿ ಆ ಗುಂಡಿ ಟ್ರಿಗರನ್ನು ಮಾತ್ರ ತಡೆಯುತ್ತದೆ, ಬಡಿದು ತೋಟಾ ಹಾರಿಸುವ ಒಳಗಿನ ಕುದುರೆಯನ್ನಲ್ಲ. ಸವೆದ ಹಳೆಯ ಕೋವಿ ಕೆಳಗೆ ಬಿದ್ದ ಪೆಟ್ಟಿಗೇ ಹಾರಬಹುದು. ಹೊರಗೆ ಕುದುರೆ ಕಾಣುವ ಹಳೆಯ ಕೋವಿಗಳಲ್ಲಿ, ಇಳಿಸಿದ ಕುದುರೆ ನೇರವಾಗಿ ತೋಟಾಕ್ಕೆ ತಾಗುವ ಪಿನ್ನಿನ ಮೇಲೆಯೇ ಕೂರುವ ಮಾದರಿಗಳಿವೆ. ತೋಟಾ ಒಳಗಿದ್ದು ಕುದುರೆಯ ಬೆನ್ನಿಗೆ ಏಟು ಬಿದ್ದರೆ ಸಾಕು.

ಕೇಪಿನ ಕೋವಿಯದು ಬೇರೆಯೇ ಕಥೆ. ಮದ್ದಿಗೆ ಕಿಡಿ ಹತ್ತಿಸುವ ಕೇಪು ತೆಗೆದಿಟ್ಟರೆ ಕೋವಿ ಖಾಲಿಯಾಯಿತೆಂದು ಹೇಳುವವರಿದ್ದಾರೆ, ಇದು ಅತ್ಯಂತ ಅಪಾಯದ ಮಾತು. ಮದ್ದು, ಚರೆ ಎರಡೂ ನಳಿಗೆಯಲ್ಲಿ ಹಾಗೇ ಇರುತ್ತವೆ. ಹೊಸ ಕೇಪೊಂದು ಇಟ್ಟರೆ ವರ್ಷಗಳ ನಂತರವೂ ಹಾರಬಹುದು. ಒದ್ದೆಯಾದ ಮದ್ದು ಒಣಗಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ತುಂಬಿದೆಯೋ ಇಲ್ಲವೋ ತಿಳಿಯಲು ಮದ್ದು ಜಡಿಯುವ ಕಡ್ಡಿಯಾದ ಗಜವನ್ನು ಬಳಸಿ: ಬಾಯಿಯ ನೇರಕ್ಕೆ ನಿಲ್ಲದೆ ಬದಿಗೆ ನಿಂತು, ಗಜವನ್ನು ನಳಿಗೆಯೊಳಗೆ ಮೆಲ್ಲಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಹತ್ತಿರ ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಗುರುತು ಬಾಯಿಗೆ ಸರಿಯಾಗಿ ಇಟ್ಟಾಗ ಗಜದ ತುದಿ ಕೇಪು ಕೂರುವ ಜಾಗದ ಹತ್ತಿರಕ್ಕೆ ಬರಬೇಕು. ಎರಡು ಮೂರು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಯಾವ ಕಾಲದಲ್ಲಿ ಜಡಿದದ್ದೆಂದು ಗೊತ್ತಿಲ್ಲದಿದ್ದರೆ ಮನೆಯಲ್ಲಿ ಕೆದಕಬೇಡಿ, ಹೊಡೆದು ಖಾಲಿ ಮಾಡಲೂ ಹೋಗಬೇಡಿ. ತುಕ್ಕು ತಿಂದ ನಳಿಗೆ ಸಿಡಿಯುತ್ತದೆ. ಹಾಗಿದ್ದ ಹಾಗೇ ಬೀಗ ಹಾಕಿಟ್ಟು, ಬಲ್ಲ ಕೋವಿ ರಿಪೇರಿಯವರನ್ನು ಮನೆಗೇ ಕರೆಸಿ, ತುಂಬಿದೆ ಎಂದು ಮೊದಲೇ ಹೇಳಿ. ಕೇಪುಗಳನ್ನೂ ಮರೆಯಬಾರದು. ತಾಮ್ರದ ಬಣ್ಣಕ್ಕೆ ಹೊಳೆಯುವ ಆ ಪುಟ್ಟ ಬಟ್ಟಲುಗಳು ಮಗುವಿನ ಬಾಯಿಗೆ ಹೋಗುವಷ್ಟು ಚಿಕ್ಕವು, ಕಲ್ಲಿನಿಂದ ಜಜ್ಜಿದರೆ ಸಿಡಿದು ಚೂರು ಕಣ್ಣಿಗೆ ಹಾರುವಷ್ಟು ಬಿರುಸಿನವು. ಅವುಗಳ ಡಬ್ಬಿ ಮದ್ದಿನ ಡಬ್ಬಿಯ ಜೊತೆ ಕೂಡ ಇರಬಾರದು.

ಬೀಗದ ಪೆಟ್ಟಿಗೆಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. 28ರಿಂದ 30 ಇಂಚು ನಳಿಗೆಯ 12 ಬೋರ್ ಕೋವಿಯ ಒಟ್ಟು ಉದ್ದ ಸುಮಾರು 45ರಿಂದ 47 ಇಂಚು, ಹಾಗಾಗಿ ಒಳಗಿನ ಎತ್ತರ 52 ಇಂಚು ಸಾಕು. ಕೇಪಿನ ಕೋವಿ ಇನ್ನೂ ಉದ್ದ ಇರುತ್ತದೆ, ಅಳೆದು ಹೇಳಿ. ಅಗಲ 12, ಆಳ 10 ಇಂಚು, ತಗಡು 2 ಮಿ.ಮೀ. ಬಾಗಿಲಿನ ಕೀಲು ಹೊರಗಿದ್ದರೆ ಪಿನ್ನನ್ನು ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಮೊಳೆಯಿಂದ ಬಡಿದು ಪಿನ್ ತೆಗೆಯಬಹುದು. ಬಟ್ಟೆ, ಒಡವೆ, ಕಾಗದಪತ್ರ ಇಡುವ ಬೀರುವಿನಲ್ಲಿ ಕೋವಿಯೂ ಸೇರಿದರೆ ಆ ಬಾಗಿಲು ದಿನಕ್ಕೆ ಹತ್ತು ಸಲ ತೆರೆಯುತ್ತದೆ, ಆ ಬೀಗಕ್ಕೆ ಅರ್ಥವೇ ಇಲ್ಲ. ಪೆಟ್ಟಿಗೆಯನ್ನು 10 ಮಿ.ಮೀ. ಬೋಲ್ಟ್ ನಾಲ್ಕರಿಂದ ಗೋಡೆಗೆ ಬಿಗಿಯಬೇಕು. ಹಳೆಯ ಮಣ್ಣಿನ ಗೋಡೆಯಲ್ಲಿ, ಮೆದು ಮುರಕಲ್ಲಿನಲ್ಲಿ ಬೋಲ್ಟ್ ಹಿಡಿಯುವುದಿಲ್ಲ. ಅಂಥ ಮನೆಯಲ್ಲಿ ಕಾಂಕ್ರೀಟು ನೆಲಕ್ಕೋ ದಪ್ಪ ಮರದ ಕಂಬಕ್ಕೋ ಬಿಗಿಯಿರಿ.

ಪೆಟ್ಟಿಗೆ ತಯಾರಾಗುವವರೆಗೆ ಕೇಬಲ್ ಬೀಗ ಹಾಕಬಹುದು. ಮುರಿದ ಕೋವಿಯ ನಳಿಗೆಯಲ್ಲಿ ಹಿಂಬದಿಯಿಂದ ತೂರಿಸಿ, ಬಾಯಿಯಿಂದ ಹೊರತಂದು ಬೀಗ ಹಾಕಿದರೆ ತೋಟಾ ಕೂರುವುದಿಲ್ಲ, ಕೋವಿ ಮುಚ್ಚುವುದೂ ಇಲ್ಲ. ಟ್ರಿಗರ್ ಬೀಗವನ್ನು ಮಾತ್ರ ತುಂಬಿದ ಕೋವಿಗೆ ಎಂದೂ ಹಾಕಬಾರದು, ಬಿಗಿಯುವಾಗಲೇ ಟ್ರಿಗರ್ ಒತ್ತಿಹೋಗಬಹುದು. ಕೋವಿಯನ್ನು ಬಿಚ್ಚಿ ನಳಿಗೆ ಒಂದು ಕಡೆ, ಹಿಡಿ ಒಂದು ಕಡೆ ಬೀಗದಲ್ಲಿಡುವುದೂ ಒಳ್ಳೆಯದೇ. ನಳಿಗೆಯ ಕೆಳಗಿನ ಮರದ ತುಂಡನ್ನಷ್ಟೇ ತೆಗೆದಿಟ್ಟರೆ ಸಾಲದು, ಅದಿಲ್ಲದೆಯೂ ಎಷ್ಟೋ ಕೋವಿಗಳು ಹಾರುತ್ತವೆ.

ಕೊಡಗು, ಮಲೆನಾಡಿನಲ್ಲಿ ಬೀಗದ ಶಿಸ್ತು ಮುರಿಯುವುದು ತುಕ್ಕಿನ ಭಯಕ್ಕೆ. ಜೂನ್ ಬಂತೆಂದರೆ ಕೋವಿ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ, ತೋಟಾಗಳೂ ಬೆಚ್ಚಗಿರಲೆಂದು ಪಕ್ಕದಲ್ಲೇ. ಹಾಗೆ ಮಾಡುವ ಬದಲು ನಳಿಗೆಯ ಒಳಹೊರಗೆ ತೆಳುವಾಗಿ ಕೋವಿ ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ಕಾಲು ಕಿಲೋದಷ್ಟು ಸಿಲಿಕಾ ಜೆಲ್ ಚೀಲ ಇಡಿ. ಅದರ ಬಣ್ಣ ತಿರುಗಿದಾಗ ಒಣಗಿಸಿಕೊಳ್ಳಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಸಾಕು. ಚರ್ಮದ, ಬಟ್ಟೆಯ ಚೀಲದಲ್ಲಿ ಹಾಕಿ ಮುಚ್ಚಿಡಬೇಡಿ, ಅದು ತೇವ ಹೀರಿ ಕೋವಿಗೇ ಕೊಡುತ್ತದೆ. ತೋಟಾಗಳಿಗೆ ಗಾಳಿಯಾಡದ ಡಬ್ಬಿ, ಒಲೆಯಿಂದ ದೂರದ ಬೀಗ. ಎಷ್ಟಿವೆಯೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಲೆಕ್ಕ ಇದ್ದರೆ ಕೋಟಿನ ಜೇಬಲ್ಲೋ ಜೀಪಿನ ಡ್ಯಾಷ್‌ಬೋರ್ಡಿನಲ್ಲೋ ಉಳಿದ ಒಂದು ತೋಟಾ ಅಂದೇ ಗೊತ್ತಾಗುತ್ತದೆ.

ಎಷ್ಟೇ ಗಟ್ಟಿ ಪೆಟ್ಟಿಗೆ ಮಾಡಿಸಿದರೂ ಅದರ ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದರೆ ಪ್ರಯೋಜನವಿಲ್ಲ. ದೇವರ ಕೋಣೆಯ ಬಟ್ಟಲು, ದಿಂಬಿನಡಿ, ಅಜ್ಜಿಯ ಸೀರೆಯ ಮಡಿಕೆ ಇವೆಲ್ಲ ಮಕ್ಕಳು ದಿನವೂ ನೋಡುವ ಜಾಗಗಳು. ಉಡಿದಾರದಲ್ಲೋ ಕುತ್ತಿಗೆಯ ಸರದಲ್ಲೋ ಇರಲಿ, ಇಲ್ಲವೇ ನಂಬರ್ ಬೀಗ ಹಾಕಿ. ನಂಬರು ಮನೆಯವರ ಹುಟ್ಟಿದ ದಿನವಾಗಿರಬಾರದು.

ಹಾಗಾದರೆ ರಾತ್ರಿ ಆನೆ ಬಂದರೆ? ಎರಡು ಬೀಗ ತೆಗೆಯಲು ಎರಡು ನಿಮಿಷ ಸಾಕು, ತೋಟಕ್ಕೆ ಇಳಿದ ಪ್ರಾಣಿ ಅಷ್ಟರಲ್ಲಿ ಎಲ್ಲಿಗೂ ಹೋಗುವುದಿಲ್ಲ. ತೋಟಾ ತುಂಬುವುದು ಅಂಗಳಕ್ಕೆ ಇಳಿದ ಮೇಲೆ. ಕಷ್ಟ ಇರುವುದು ವಾಪಸು ಬಂದಾಗ: ಮಳೆಯಲ್ಲಿ ನೆನೆದು, ದಣಿದು, ಬೆಳಗ್ಗೆ ನೋಡೋಣವೆಂದು ತುಂಬಿದ ಕೋವಿಯನ್ನು ಜಗಲಿಯ ಮೂಲೆಗೆ ಒರಗಿಸಿ ಮಲಗುತ್ತೇವೆ. ಮಕ್ಕಳು ದೊಡ್ಡವರಿಗಿಂತ ಮೊದಲು ಏಳುತ್ತಾರೆ. ಎಷ್ಟು ಹೊತ್ತಾಗಿದ್ದರೂ ಖಾಲಿ ಮಾಡಿ, ಒರೆಸಿ, ಬೀಗ ಹಾಕಿಯೇ ಮಲಗಬೇಕು.

ಹಬ್ಬದ ದಿನಗಳಲ್ಲೂ ಜಾಗ್ರತೆ ಬೇಕು. ಸೆಪ್ಟೆಂಬರ್ ಮೊದಲ ವಾರದ ಆಯುಧಗಳ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಕೊಡವರ ಮನೆಗಳಲ್ಲಿ ಕೋವಿಗಳಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ, ಬೇರೆ ಕಡೆ ಆಯುಧಪೂಜೆಗೆ ಇಡುತ್ತಾರೆ. ಮನೆ ತುಂಬ ನೆಂಟರು, ಮಕ್ಕಳು. ಪೂಜೆಗಿಡುವ ಮೊದಲು ಇಬ್ಬರು ಬೇರೆಬೇರೆಯಾಗಿ ಖಾಲಿ ಎಂದು ನೋಡಲಿ, ತೋಟಾದ ಡಬ್ಬಿ ಬೀಗದಿಂದ ಹೊರಗೇ ಬಾರದಿರಲಿ, ಊಟಕ್ಕೆ ಎಲೆ ಹಾಕುವ ಮೊದಲು ಕೋವಿ ಪೆಟ್ಟಿಗೆಗೆ ಮರಳಲಿ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇದ್ದರೆ ಆ ತೋಟಾಗಳ ಲೆಕ್ಕ ಒಬ್ಬರ ಕೈಯಲ್ಲಿರಲಿ.

ಮಕ್ಕಳಿಗೆ ಹೇಳಿಕೊಡಬೇಕೆ? ಖಂಡಿತ. ಕೋವಿ ಕಂಡರೆ ಮುಟ್ಟಬೇಡ, ಅಲ್ಲಿಂದ ದೂರ ಹೋಗು, ದೊಡ್ಡವರನ್ನು ಕರೆ. ಆದರೆ ಈ ಪಾಠವನ್ನು ಬೀಗದ ಬದಲಿಗೆ ಇಡಬೇಡಿ. 2001ರಲ್ಲಿ ಪ್ರಕಟವಾದ ಅಟ್ಲಾಂಟಾದ ಪ್ರಯೋಗವೊಂದರಲ್ಲಿ 8ರಿಂದ 12 ವರ್ಷದ ಹುಡುಗರನ್ನು ನಿಜವಾದ, ಆದರೆ ಹಾರದಂತೆ ಮಾಡಿದ ಪಿಸ್ತೂಲು ಅಡಗಿಸಿಟ್ಟ ಕೋಣೆಯಲ್ಲಿ ಬಿಟ್ಟಿದ್ದರು. ಪಿಸ್ತೂಲು ಕಣ್ಣಿಗೆ ಬಿದ್ದ ಹುಡುಗರಲ್ಲಿ ಹೆಚ್ಚಿನವರು ಅದನ್ನು ಕೈಗೆತ್ತಿಕೊಂಡರು, ಕೆಲವರು ಟ್ರಿಗರ್ ಕೂಡ ಎಳೆದರು. ಎತ್ತಿಕೊಂಡವರಲ್ಲಿ ಬಹುತೇಕ ಎಲ್ಲರಿಗೂ ಸುರಕ್ಷತೆಯ ಪಾಠ ಮೊದಲೇ ಆಗಿತ್ತು. ರಜೆಗೆ ಮಕ್ಕಳನ್ನು ನೆಂಟರ ಮನೆಗೆ ಕಳಿಸುವಾಗಲೂ ಕೇಳಿ: "ಭಾವ, ಕೋವಿ ಬೀಗದೊಳಗೆ ಇದೆಯಲ್ಲ?" ಇದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಏರ್‌ಗನ್ ಇದ್ದರೆ ಅದಕ್ಕೂ ಇದೇ ಬೀಗ, ಅದರ ಸಣ್ಣ ಗುಂಡು ಕಣ್ಣು ಕಳೆಯುತ್ತದೆ.

ಕಾನೂನಿನ ಮಟ್ಟಿಗೆ, ಕೊಡವರಿಗೂ ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಇರುವ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇರುವುದು ಲೈಸೆನ್ಸಿಗೆ. ಅಜಾಗರೂಕತೆಯಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಎಲ್ಲರಿಗೂ ಒಂದೇ, ಐದು ವರ್ಷದವರೆಗೆ ಸಜೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದವರು ಅದರ ಷರತ್ತು ಮುರಿದರೆ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಮಿನಡಿ ಬೇರೆ ಶಿಕ್ಷೆ ಇದೆ.

ನಿಮ್ಮ ಕೇಪಿನ ಕೋವಿಯನ್ನು ಯಾರೂ ಬಳಸುತ್ತಿಲ್ಲವಾದರೆ ಅದು ಮನೆಯಲ್ಲಿ ಇರಲೇಬೇಕೆಂದೇನಿಲ್ಲ. ಪೊಲೀಸ್ ಠಾಣೆಯಲ್ಲೋ ಠೇವಣಿ ಪಡೆಯುವ ಅನುಮತಿ ಇರುವ ಕೋವಿ ವ್ಯಾಪಾರಿಯಲ್ಲೋ ಇಟ್ಟು ರಸೀದಿ ಪಡೆಯಬಹುದು. ಮನೆಯಲ್ಲಿ ಯಾರಾದರೂ ತೀರಾ ಮನನೊಂದಿರುವಾಗ, ಕುಡಿತ ಮಿತಿಮೀರಿದಾಗ ಎರಡು ಕೋವಿಯನ್ನೂ ಹಾಗೆ ಹೊರಗಿಡಿ. ಚುನಾವಣೆಗೆ ಠೇವಣಿ ಇಟ್ಟ ಕೋವಿ ವಾಪಸು ಬಂದ ದಿನವೂ ಮತ್ತೆ ಗಜ, ಕಿರುಬೆರಳು, ಬೆಳಕು ಮೂರರ ಪರೀಕ್ಷೆ ಮಾಡಿಯೇ ಪೆಟ್ಟಿಗೆಗೆ ಸೇರಿಸಿ.