ಮಗುವಿಗೆ ಆಸಕ್ತಿ ಇಲ್ಲ ಎನ್ನುವ ಮೊದಲು

1970ರ ದಶಕದ ಮಾತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಯುವ ಗಣಿತಜ್ಞರಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಮೊದಲ ವರ್ಷದ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ಕಪ್ಪು ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಫೇಲಾಗುತ್ತಿದ್ದರು. ಅದೇ ಪಾಠ ಕೇಳಿ, ಅದೇ ಪರೀಕ್ಷೆ ಬರೆದ ಚೀನೀ ಮೂಲದ ವಿದ್ಯಾರ್ಥಿಗಳು ಚೆನ್ನಾಗಿ ಪಾಸಾಗುತ್ತಿದ್ದರು. ಯಾಕೆ ಹೀಗೆ ಎಂದು ಅವರು ಅಧ್ಯಾಪಕರನ್ನೇ ಕೇಳಿದರು. ನಾಲ್ಕು ಉತ್ತರಗಳು ಮತ್ತೆ ಮತ್ತೆ ಬಂದವು. ಕಲಿಯುವ ಹುಮ್ಮಸ್ಸಿಲ್ಲ. ಹೈಸ್ಕೂಲಿನ ತಳಪಾಯ ಗಟ್ಟಿಯಿಲ್ಲ. ಮನೆಯವರ ಬೆಂಬಲವಿಲ್ಲ. ಬಡತನ.

ಈ ಉತ್ತರಗಳನ್ನು ಟ್ರೈಸ್‌ಮನ್ ಹಾಗೇ ಒಪ್ಪಿಕೊಳ್ಳಲಿಲ್ಲ. 20 ಕಪ್ಪು ವಿದ್ಯಾರ್ಥಿಗಳನ್ನು, 20 ಚೀನೀ ಮೂಲದ ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಅವರು ಓದುವ ಜಾಗಕ್ಕೇ ಹೋಗಿ, ಹೇಗೆ ಓದುತ್ತಾರೆ ಎಂದು ತಿಂಗಳುಗಟ್ಟಲೆ ಗಮನಿಸಿದರು. ಅಲ್ಲಿ ಕಂಡದ್ದೇ ಬೇರೆ. ಕಪ್ಪು ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಹೈಸ್ಕೂಲಿನಲ್ಲಿ ಮುಂಚೂಣಿಯಲ್ಲಿದ್ದವರು. ಮಕ್ಕಳು ಚಿಕ್ಕವರಿದ್ದಾಗಿನಿಂದಲೂ ತಂದೆತಾಯಿ ಕಾಲೇಜಿನ ಕನಸು ಕಂಡಿದ್ದರು. ಹುಮ್ಮಸ್ಸಿಗೇನೂ ಕೊರತೆ ಇರಲಿಲ್ಲ. ಹೊತ್ತಿಗೆ ಸರಿಯಾಗಿ ತರಗತಿಗೆ ಬರುತ್ತಿದ್ದರು, ಹೋಂವರ್ಕ್ ಮುಗಿಸುತ್ತಿದ್ದರು, ವಾರಕ್ಕೆ ಸುಮಾರು 8 ಗಂಟೆ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಓದು ಬೇರೆ, ಗೆಳೆತನ ಬೇರೆ ಎಂದು ಹೈಸ್ಕೂಲಿನಲ್ಲೇ ರೂಢಿ ಮಾಡಿಕೊಂಡಿದ್ದರು. ಅಲ್ಲಿ ಅವರನ್ನು ಗೆಲ್ಲಿಸಿದ್ದೇ ಆ ರೂಢಿ.

ಚೀನೀ ಮೂಲದವರು ವಾರಕ್ಕೆ ಸುಮಾರು 14 ಗಂಟೆ ಕೊಡುತ್ತಿದ್ದರು. ಮೊದಲು ಒಬ್ಬೊಬ್ಬರೇ ಓದುವುದು, ಸಂಜೆ ಎಲ್ಲರೂ ಸೇರುವುದು. ಒಟ್ಟಿಗೆ ಊಟ, ಆಮೇಲೆ ಲೆಕ್ಕ. ಒಬ್ಬರ ಉತ್ತರವನ್ನು ಇನ್ನೊಬ್ಬರು ನೋಡುತ್ತಿದ್ದರು. ತನಗೊಬ್ಬನಿಗೇ ತಪ್ಪಿದ್ದರೆ ತಪ್ಪು ತನ್ನದು. ಯಾರಿಗೂ ಬರದಿದ್ದರೆ ಲೆಕ್ಕವೇ ಕಷ್ಟದ್ದು. ತಾನು ಎಲ್ಲಿದ್ದೇನೆ ಎಂಬುದು ಪ್ರತಿ ಸಂಜೆ ಗೊತ್ತಾಗುತ್ತಿತ್ತು. ಒಂಟಿಯಾಗಿ ಓದುವವನಿಗೆ ಅದು ಗೊತ್ತಾಗುವುದು ಪರೀಕ್ಷೆಯ ಫಲಿತಾಂಶ ಬಂದ ದಿನ.

ಟ್ರೈಸ್‌ಮನ್ ಆಮೇಲೆ ಮಾಡಿದ ಕೆಲಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅವರು ಹಿಂದುಳಿದವರಿಗಾಗಿ ಎಂದು ಸುಲಭದ ತರಗತಿ ನಡೆಸಲಿಲ್ಲ. ಮಾಮೂಲಿಗಿಂತ ಕಷ್ಟದ ಲೆಕ್ಕಗಳನ್ನು ಕೊಟ್ಟು, ಗುಂಪಾಗಿ ಕೂತು ಬಿಡಿಸಲು ಹೇಳಿದರು. ಇದು ಚೆನ್ನಾಗಿ ಓದುವವರ ಕಾರ್ಯಕ್ರಮ ಎಂದೇ ವಿದ್ಯಾರ್ಥಿಗಳನ್ನು ಕರೆದರು. ಅದರಲ್ಲಿ ಭಾಗವಹಿಸಿದ ಕಪ್ಪು ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳು, ಆ ಗುಂಪಿನಲ್ಲಿ ಇಲ್ಲದ ಬಿಳಿಯ ಮತ್ತು ಏಷ್ಯನ್ ಸಹಪಾಠಿಗಳಿಗಿಂತ ಜಾಸ್ತಿ ಅಂಕ ತೆಗೆದರು. ಅಂಥವೇ ವಿದ್ಯಾರ್ಥಿಗಳು, ಅದೇ ವಿಷಯ. ಬದಲಾದದ್ದು ಅವರ ಸುತ್ತ ಕೂತವರು, ಕೈಗೆ ಬಂದ ಲೆಕ್ಕ, ಮತ್ತು ‘ನಿಮ್ಮಿಂದ ಆಗುತ್ತದೆ’ ಎಂಬ ನಿರೀಕ್ಷೆ.

ಹುಮ್ಮಸ್ಸು ಮಗುವಿನ ಒಳಗೆ ಇಷ್ಟು ಪ್ರಮಾಣ ಎಂದು ತುಂಬಿಟ್ಟ ವಸ್ತು ಅಂತ ನಾವು ಮಾತಾಡುತ್ತೇವೆ. ಒಬ್ಬನಿಗಿದೆ, ಇನ್ನೊಬ್ಬನಿಗಿಲ್ಲ ಅನ್ನುತ್ತೇವೆ. ಕಳೆದ ಐವತ್ತು ವರ್ಷಗಳ ಸಂಶೋಧನೆ ಓದಿದರೆ ಹಾಗೆ ಅನಿಸುವುದಿಲ್ಲ. ಹುಮ್ಮಸ್ಸು ಹುಟ್ಟುವುದು, ಸಾಯುವುದು ಎರಡೂ ಮಗು ಮತ್ತು ಅದರ ಸುತ್ತಲಿನವರ ನಡುವೆ. ಆ ಸುತ್ತಲಿನದನ್ನೇ ನಾವು ಸಂಸ್ಕೃತಿ ಅನ್ನುವುದು ಅಲ್ವಾ? ತಪ್ಪು ಉತ್ತರ ಬಂದಾಗ ಮನೆಯಲ್ಲಿ ಏನು ಹೇಳುತ್ತಾರೆ, ಗೆಳೆಯರು ಯಾವುದಕ್ಕೆ ನಗುತ್ತಾರೆ, ಶಿಕ್ಷಕರು ಯಾರ ಕಡೆ ನೋಡಿ ಪ್ರಶ್ನೆ ಕೇಳುತ್ತಾರೆ, ಇವೆಲ್ಲ ಅದರಲ್ಲಿ ಸೇರಿವೆ.

ದೇಶದೇಶಗಳ ಹೋಲಿಕೆಗೆ ಬರೋಣ. 1980ರ ದಶಕದಲ್ಲಿ ಹೆರಾಲ್ಡ್ ಸ್ಟೀವನ್‌ಸನ್, ಜೇಮ್ಸ್ ಸ್ಟಿಗ್ಲರ್ ಮತ್ತು ಅವರ ಸಂಗಡಿಗರು ಅಮೆರಿಕದ ಮಿನಿಯಾಪೊಲಿಸ್, ಜಪಾನಿನ ಸೆಂಡಾಯ್, ತೈವಾನಿನ ತೈಪೆ ನಗರಗಳ ಮಕ್ಕಳಿಗೆ ಗಣಿತದ ಪರೀಕ್ಷೆ ಕೊಟ್ಟರು. ಅಮೆರಿಕದ ಮಕ್ಕಳು ಹಿಂದೆ ಬಿದ್ದರು. ಆದರೆ ತಮ್ಮ ಮಕ್ಕಳ ಓದಿನ ಬಗ್ಗೆ ಹೆಚ್ಚು ತೃಪ್ತಿ ಇದ್ದದ್ದು ಅಮೆರಿಕದ ತಾಯಂದಿರಿಗೇ. ಜಪಾನ್, ತೈವಾನಿನ ತಾಯಂದಿರು ಶ್ರಮಕ್ಕೆ ಹೆಚ್ಚು ಬೆಲೆ ಕೊಟ್ಟರು. ಅಮೆರಿಕದ ತಾಯಂದಿರು ಹುಟ್ಟಿನಿಂದ ಬಂದ ಸಾಮರ್ಥ್ಯದ ಕಡೆ ಹೆಚ್ಚು ವಾಲಿದರು. ಸಾಮರ್ಥ್ಯ ಹುಟ್ಟಿನಿಂದ ಬರುತ್ತದೆ ಎಂದುಕೊಂಡ ಮನೆಯಲ್ಲಿ ಕಡಿಮೆ ಅಂಕ ಒಂದು ತೀರ್ಪಿನ ಹಾಗೆ ಕೇಳಿಸುತ್ತದೆ. ಶ್ರಮದಿಂದ ಬರುತ್ತದೆ ಎಂದುಕೊಂಡ ಮನೆಯಲ್ಲಿ ಅದು ಮುಂದಿನ ಕೆಲಸ ಏನು ಎಂದು ತೋರಿಸುತ್ತದೆ.

ಈ ಅಂತರ ಇವತ್ತಿಗೂ ಇದೆ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ಕೊಡುವ ಪಿಸಾ ಎಂಬ ಪರೀಕ್ಷೆಯಲ್ಲಿ 2022ರಲ್ಲಿ ಗಣಿತದ ಸರಾಸರಿ ಸಿಂಗಪುರದಲ್ಲಿ 575, ಒಇಸಿಡಿ ಕೂಟದ (ಬಹುತೇಕ ಶ್ರೀಮಂತ) ದೇಶಗಳಲ್ಲಿ 472. ಶಾಲೆಗಳೇ ಬೇರೆ, ಅದಕ್ಕೇ ಈ ಅಂತರ ಎಂದು ಹೇಳಬಹುದು. ಅದನ್ನು ಒರೆಗೆ ಹಚ್ಚಲು ಜಾನ್ ಜೆರಿಮ್ ಎಂಬ ಸಂಶೋಧಕರು ಆಸ್ಟ್ರೇಲಿಯಾದ ಮಕ್ಕಳನ್ನು ನೋಡಿದರು. 2012ರ ಪಿಸಾ ಗಣಿತದಲ್ಲಿ, ಆಸ್ಟ್ರೇಲಿಯಾದಲ್ಲೇ ಹುಟ್ಟಿ ಬೆಳೆದ ಪೂರ್ವ ಏಷ್ಯಾ ಮೂಲದ ಮಕ್ಕಳು ಅಲ್ಲಿನ ಇತರ ಮಕ್ಕಳಿಗಿಂತ 100ಕ್ಕೂ ಹೆಚ್ಚು ಅಂಕ ಮುಂದಿದ್ದರು. ಅಂದರೆ ಮನೆಯಲ್ಲೂ ಏನೋ ಇದೆ. ಹಾಗಂತ ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ತಪ್ಪು. ಫಿನ್‌ಲ್ಯಾಂಡ್ 2003ರಲ್ಲಿ ಗಣಿತದಲ್ಲಿ 544 ತೆಗೆದಿತ್ತು, 2022ರಲ್ಲಿ 484. ಒಂದು ಜನಾಂಗದ ಸ್ವಭಾವ ಇಪ್ಪತ್ತು ವರ್ಷದಲ್ಲಿ ಇಷ್ಟು ಬದಲಾಗುತ್ತದೆಯೇ? ‘ಆ ದೇಶದವರೇ ಹಾಗೆ’ ಎನ್ನುವ ಮಾತು ಯಾವುದನ್ನೂ ವಿವರಿಸುವುದಿಲ್ಲ.

ಇಲ್ಲೊಂದು ಒಗಟಿದೆ. ಯಾವುದೇ ಒಂದು ದೇಶದ ಒಳಗೆ ನೋಡಿ. ‘ನನಗೆ ಗಣಿತ ಬರುತ್ತದೆ’ ಎನ್ನುವ ಮಗು ಸಾಮಾನ್ಯವಾಗಿ ಹೆಚ್ಚು ಅಂಕ ತೆಗೆಯುತ್ತದೆ. ದೇಶದೇಶಗಳ ಸರಾಸರಿ ತೆಗೆದುಕೊಂಡರೆ ಇದು ತಿರುವುಮುರುವು. 1995ರಿಂದ ನಾಲ್ಕು ವರ್ಷಕ್ಕೊಮ್ಮೆ ಹಲವು ದೇಶಗಳಲ್ಲಿ ನಡೆಯುವ ಟಿಮ್ಸ್ ಎಂಬ ಗಣಿತ, ವಿಜ್ಞಾನದ ಪರೀಕ್ಷೆಯಲ್ಲಿ ಜಪಾನ್, ಕೊರಿಯಾದ ಮಕ್ಕಳು ಅಂಕಗಳಲ್ಲಿ ಮೇಲಿರುತ್ತಾರೆ, ಆತ್ಮವಿಶ್ವಾಸದಲ್ಲಿ ಕೆಳಗಿರುತ್ತಾರೆ. ಗಣಿತ ಇಷ್ಟ ಎನ್ನುವವರೂ ಅಲ್ಲಿ ಕಡಿಮೆ.

ಕಾರಣದ ಒಂದು ಭಾಗ ಹೀಗಿದೆ. ತಾನು ಜಾಣನೋ ಅಲ್ಲವೋ ಎಂದು ಮಗು ಲೋಕದ ಎಲ್ಲ ಮಕ್ಕಳ ಜೊತೆ ಹೋಲಿಸಿ ಹೇಳುವುದಿಲ್ಲ. ಪಕ್ಕದ ಬೆಂಚಿನವನ ಜೊತೆ ಹೋಲಿಸಿ ಹೇಳುತ್ತದೆ. ಹರ್ಬರ್ಟ್ ಮಾರ್ಷ್ ಎಂಬ ಮನೋವಿಜ್ಞಾನಿ ಇದನ್ನು 1980ರ ದಶಕದಲ್ಲೇ ತೋರಿಸಿದರು. ಒಂದೇ ಸಾಮರ್ಥ್ಯದ ಇಬ್ಬರಲ್ಲಿ, ಜಾಣರೇ ತುಂಬಿದ ಶಾಲೆಗೆ ಸೇರಿದವನ ಆತ್ಮವಿಶ್ವಾಸ ಕುಗ್ಗುತ್ತದೆ. ಒಳ್ಳೆಯ ಶಾಲೆಗೆ ಸೀಟು ಸಿಕ್ಕಿತೆಂದು ಮನೆಯವರು ಸಂಭ್ರಮಿಸುವ ಹೊತ್ತಿನಲ್ಲೇ ಮಗು ಒಳಗೊಳಗೆ ಕುಸಿಯುತ್ತಿರಬಹುದು. ಇದು ತುಂಬಾ ಮನೆಗಳಲ್ಲಿ ಯಾರ ಗಮನಕ್ಕೂ ಬಾರದೆ ನಡೆಯುತ್ತದೆ. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸೋಲು ಏನು ಮಾಡುತ್ತದೆ ಎಂಬುದೂ ಎಲ್ಲೆಡೆ ಒಂದೇ ಅಲ್ಲ. ಸ್ಟೀವನ್ ಹೈನೆ ಮತ್ತು ಸಂಗಡಿಗರು 2001ರಲ್ಲಿ ಜಪಾನ್ ಮತ್ತು ಉತ್ತರ ಅಮೆರಿಕದ ವಿದ್ಯಾರ್ಥಿಗಳನ್ನು ಹೋಲಿಸಿದ ಅಧ್ಯಯನ ಪ್ರಕಟಿಸಿದರು. ಒಂದು ಕೆಲಸದಲ್ಲಿ ಸೋತ ಮೇಲೆ ಉತ್ತರ ಅಮೆರಿಕದವರು ಅದೇ ಬಗೆಯ ಕೆಲಸವನ್ನು ಬೇಗ ಬಿಟ್ಟರು, ಗೆದ್ದಾಗ ಮುಂದುವರಿಸಿದರು. ಜಪಾನಿನವರು ಸೋತಾಗಲೇ ಹೆಚ್ಚು ಹೊತ್ತು ಕೂತರು. ಆಯ್ಕೆಯ ವಿಷಯವೂ ಹಾಗೆಯೇ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿಯ ಅಮೆರಿಕನ್ ಮಕ್ಕಳು ತಾವೇ ಆರಿಸಿದ ಪದಬಂಧದಂಥ ಆಟದಲ್ಲಿ ಚೆನ್ನಾಗಿ ಆಡಿದರು. ಏಷ್ಯನ್ ಮೂಲದ ಮಕ್ಕಳು ‘ನಿನ್ನ ಅಮ್ಮ ಆರಿಸಿದ್ದು’ ಎಂದಾಗ ಇನ್ನೂ ಚೆನ್ನಾಗಿ ಆಡಿದರು. ಮಕ್ಕಳಿಗೆ ಸ್ವಾತಂತ್ರ್ಯ ಕೊಟ್ಟರೆ ಹುಮ್ಮಸ್ಸು ತಾನಾಗಿ ಬರುತ್ತದೆ ಎಂಬುದು ಅರ್ಧ ಸತ್ಯ. ತನ್ನವರು ಎನಿಸಿದವರ ಬಯಕೆಯನ್ನೂ ಮಗು ತನ್ನದೇ ಬಯಕೆಯಾಗಿ ಮಾಡಿಕೊಳ್ಳಬಲ್ಲದು.

ಬಹುಮಾನದ ಬಗ್ಗೆ ಒಂದೇ ಮಾತು. ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಮೊದಲೇ ಬಹುಮಾನದ ಆಸೆ ತೋರಿಸಿದಾಗ, ಆಮೇಲೆ ಅವರು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು ಎಂದು 1973ರಲ್ಲೇ ಗೊತ್ತಾಗಿದೆ.

ಹೆಣ್ಣುಮಕ್ಕಳ ವಿಷಯ ಇಷ್ಟು ಬೇಗ ಮುಗಿಯುವುದಿಲ್ಲ. 2017ರಲ್ಲಿ ಲಿನ್ ಬಿಯಾನ್, ಸಾರಾ-ಜೇನ್ ಲೆಸ್ಲಿ ಮತ್ತು ಆಂಡ್ರೆ ಸಿಂಪಿಯನ್ ಅಮೆರಿಕದ ಮಕ್ಕಳಿಗೆ ‘ತುಂಬಾ ತುಂಬಾ ಜಾಣ’ ವ್ಯಕ್ತಿಯೊಬ್ಬರ ಕಥೆ ಹೇಳಿ, ಆ ವ್ಯಕ್ತಿ ಯಾರಿರಬಹುದು ಎಂದು ಕೇಳಿದರು. 5 ವರ್ಷದ ಹುಡುಗಿಯರು ಹುಡುಗರಷ್ಟೇ ಸಲೀಸಾಗಿ ತಮ್ಮವರನ್ನೇ ತೋರಿಸಿದರು. 6 ವರ್ಷಕ್ಕೆ ಬರುವಷ್ಟರಲ್ಲಿ ಅದು ಕಡಿಮೆಯಾಗಿತ್ತು. ‘ತುಂಬಾ ಜಾಣರಿಗಾಗಿ’ ಎಂದ ಆಟದಿಂದಲೂ ಹುಡುಗಿಯರು ಹಿಂದೆ ಸರಿಯತೊಡಗಿದ್ದರು. ಆರು ವರ್ಷದ ಮಗುವಿಗೆ ಯಾರೂ ಕೂರಿಸಿ ಇದನ್ನು ಹೇಳಿಕೊಟ್ಟಿರುವುದಿಲ್ಲ. ಗಾಳಿಯಲ್ಲೇ ಇರುತ್ತದೆ, ಮಗು ಉಸಿರಾಡುತ್ತದೆ. ‘ಹುಡುಗಿಯರಿಗೆ ಗಣಿತ ಕಷ್ಟ’ ಎಂಬ ಮಾತನ್ನು ಪರೀಕ್ಷೆಗೆ ಮುಂಚೆ ನೆನಪಿಸಿದರೆ ಸಾಕು, ಅಂಕ ಇಳಿಯುತ್ತದೆ ಎಂಬ ವಾದವೂ ಇದೆ. ಅದು ಅಷ್ಟು ಗಟ್ಟಿಯಲ್ಲ. ನೆದರ್‌ಲ್ಯಾಂಡ್ಸ್‌ನ 2,000ಕ್ಕೂ ಹೆಚ್ಚು ಹೈಸ್ಕೂಲ್ ವಿದ್ಯಾರ್ಥಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಒಂದು ನಿಮಿಷದ ನೆನಪಿಗಿಂತ ವರ್ಷಗಟ್ಟಲೆ ಕೇಳಿದ ಮಾತಿಗೆ ಬಲ ಜಾಸ್ತಿ ಎಂದು ನನ್ನ ಅನಿಸಿಕೆ. ಗಣಿತ ಎಂದರೆ ಹೆದರುವ ತಂದೆತಾಯಿ ಪದೇಪದೇ ಹೋಂವರ್ಕ್ ಮಾಡಿಸಿದ ಮಕ್ಕಳು ಆ ವರ್ಷ ಕಡಿಮೆ ಗಣಿತ ಕಲಿತರು ಎಂದು 2015ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿದೆ. ಪಾಠದ ಜೊತೆ ಭಯವೂ ದಾಟುತ್ತದೆ.

ಕೆಲವೊಮ್ಮೆ ಮಗುವಿಗೆ ಗಣಿತ ಬರುತ್ತಲೇ ಇರುತ್ತದೆ. ಶಾಲೆಗೆ ಅದು ಕಾಣುವುದಿಲ್ಲ. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಅಧ್ಯಯನ ಮಾಡಿ 1985ರಲ್ಲಿ ಒಂದು ವರದಿ ಬಂತು. ವ್ಯಾಪಾರದಲ್ಲಿ ಆ ಮಕ್ಕಳ ಲೆಕ್ಕ 98% ಸರಿ. ಅದೇ ಲೆಕ್ಕವನ್ನು ಶಾಲೆಯ ಹಾಗೆ ಬರಿ ಅಂಕಿಗಳಲ್ಲಿ ಕೊಟ್ಟಾಗ 37% ಮಾತ್ರ. ಅಲ್ಲಿ ಇದ್ದದ್ದು ಐದೇ ಮಕ್ಕಳು. ಆದರೆ 2025ರಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳ ಅಧ್ಯಯನ ಪ್ರಕಟವಾಯಿತು. ಅಲ್ಲಿಯೂ ಇದೇ ಚಿತ್ರ. ಬಾಯಲ್ಲೇ ದೊಡ್ಡ ಲೆಕ್ಕ ಮಾಡುವ ಮಕ್ಕಳು ಕಾಗದದ ಮೇಲಿನ ಬರಿ ಅಂಕಿಗಳ ಮುಂದೆ ತಡವರಿಸಿದರು. ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಕಷ್ಟವಾಯಿತು. ಈ ಮಕ್ಕಳಿಗೆ ಬುದ್ಧಿಯಿಲ್ಲ, ಆಸಕ್ತಿಯಿಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು?

ಹಾಗಾದರೆ ಹುಮ್ಮಸ್ಸು ಬೆಳೆಸಲು ಆಗುತ್ತದೆಯೇ? ಡೇವಿಡ್ ಯೇಗರ್, ಕ್ಯಾರಲ್ ಡ್ವೆಕ್ ಮತ್ತು ಸಂಗಡಿಗರು ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಬುದ್ಧಿ ಅಭ್ಯಾಸದಿಂದ ಬೆಳೆಯುತ್ತದೆ ಎಂಬ ಆನ್‌ಲೈನ್ ಪಾಠ ಕೊಟ್ಟರು. ಅದು ಒಂದು ಗಂಟೆಗಿಂತ ಚಿಕ್ಕದು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ, ಪಾಠ ಕೇಳಿದವರಲ್ಲಿ ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿಗಳ ಸರಾಸರಿ ಗ್ರೇಡ್ (ಅಲ್ಲಿ ಗರಿಷ್ಠ ಸುಮಾರು 4) ಸುಮಾರು 0.1 ಅಂಶ ಏರಿತು. ಸಣ್ಣ ಏರಿಕೆ, ನಿಜ. ಆದರೆ ಅದು ಎಲ್ಲಿ ಏರಿತು ಎಂಬುದನ್ನು ನೋಡಬೇಕು. ಕಷ್ಟದ ಲೆಕ್ಕಕ್ಕೆ ಕೈಹಾಕುವುದನ್ನು ಸಹಪಾಠಿಗಳು ಮೆಚ್ಚುವ ಶಾಲೆಗಳಲ್ಲಿ ಫಲ ಹೆಚ್ಚಿತ್ತು. 2022ರಲ್ಲಿ ಅದೇ ಮಾಹಿತಿಯನ್ನು ಇನ್ನಷ್ಟು ಕೆದಕಿದಾಗ ಗಣಿತ ಶಿಕ್ಷಕರ ನಂಬಿಕೆಯೂ ಮುಖ್ಯ ಎಂದು ಗೊತ್ತಾಯಿತು. ಬುದ್ಧಿ ಬೆಳೆಯುತ್ತದೆ ಎಂದು ಶಿಕ್ಷಕರೇ ನಂಬಿದ್ದ ತರಗತಿಗಳಲ್ಲಿ ಮಕ್ಕಳ ಗಣಿತದ ಗ್ರೇಡ್ ಏರಿತು. ನಂಬದ ಶಿಕ್ಷಕರ ತರಗತಿಗಳಲ್ಲಿ ಅದೇ ಪಾಠ ಕೇಳಿದ ಮಕ್ಕಳಿಗೆ ಅಂಥ ಲಾಭ ಸಿಗಲಿಲ್ಲ. ಹಾಗಾಗಿ ‘ನೀನು ಪ್ರಯತ್ನಪಟ್ಟರೆ ಆಗುತ್ತದೆ’ ಎಂದು ಮಗುವಿಗೆ ಸುಮ್ನೆ ಹೇಳುವ ಕಾರ್ಯಕ್ರಮಗಳಿಗೆ ಖರ್ಚು ಮಾಡುವ ಮುಂಚೆ, ಅದರ ಒಂದು ಪಾಲು ಶಿಕ್ಷಕರ ತರಬೇತಿಗೆ ಹೋಗಬೇಕು. ತಪ್ಪು ಉತ್ತರ ಬಂದಾಗ ಏನು ಮಾಡಬೇಕು, ಎರಡನೇ ಅವಕಾಶ ಹೇಗೆ ಕೊಡಬೇಕು, ಗುಂಪಿನಲ್ಲಿ ಕಷ್ಟದ ಲೆಕ್ಕ ಹೇಗೆ ಮಾಡಿಸಬೇಕು ಎಂಬುದನ್ನು ಅಲ್ಲಿ ಕಲಿಸಬೇಕು.