ಹಿಮ ಬೀಳುವ ಮೊದಲಿನ ಜಾರುದಾರಿ

ಮೊಣಕಾಲುದ್ದ ಹಿಮ ಬಿದ್ದ ಬೆಟ್ಟದಲ್ಲಿ ಯಾರೂ ಮೈಮರೆತು ನಡೆಯುವುದಿಲ್ಲ. ಕಾಲು ಮೋಸ ಹೋಗುವುದು ಅದಕ್ಕೂ ಮುಂಚಿನ ವಾರಗಳಲ್ಲಿ. ಆಗ ಒರತೆಗಳು ಇನ್ನೂ ಜಿನುಗುತ್ತಿರುತ್ತವೆ, ನೆಲದ ಬಿಸಿ ಹಿಡಿದಿಡುವ ಹಿಮದ ಪದರ ಬಂದಿರುವುದಿಲ್ಲ. ತುಳಿದು ತುಳಿದು ತಗ್ಗಾದ ಕಾಲುದಾರಿಗೆ ಇಳಿಜಾರಿನ ನೀರೆಲ್ಲ ಹರಿದು ಬರುತ್ತದೆ. ಹಗಲು ಹರಿದದ್ದು ರಾತ್ರಿ ಹೆಪ್ಪುಗಟ್ಟುತ್ತದೆ, ಮರುದಿನ ಅದರ ಮೇಲೆ ಇನ್ನೊಂದು ಪದರ. ಅಕ್ಕಪಕ್ಕದ ಹುಲ್ಲು ಒಣಗಿಯೇ ಇರುತ್ತದೆ, ದಾರಿ ಮಾತ್ರ ಗಾಜಿನಂತೆ.

ಬೂಟಿನ ಒತ್ತಡಕ್ಕೆ ಮಂಜುಗಡ್ಡೆ ಕರಗುವುದರಿಂದ ಜಾರುತ್ತೇವೆ ಎಂಬ ಹಳೆಯ ವಿವರಣೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕರಗುವ ಬಿಂದು 1 ಡಿಗ್ರಿ ಇಳಿಯಲು ಸುಮಾರು 130 ವಾಯುಮಂಡಲದಷ್ಟು, ಅಂದರೆ ಸಮುದ್ರಮಟ್ಟದ ಗಾಳಿಯ ಒತ್ತಡದ 130 ಪಟ್ಟು, ಒತ್ತಡ ಬೇಕು. 70 ಕಿಲೋ ತೂಕದವರು 100 ಚದರ ಸೆಂ.ಮೀ. ಅಟ್ಟೆಯ ಮೇಲೆ ನಿಂತರೆ ಸರಾಸರಿ ಒಂದೂ ಆಗದು. ವಿಜ್ಞಾನಿ ಮೈಕೆಲ್ ಫ್ಯಾರಡೆ 1850ರಲ್ಲೇ ಬೇರೆ ಸುಳಿವು ಕೊಟ್ಟಿದ್ದರು: ಸೊನ್ನೆಗಿಂತ ಕೆಳಗೂ ಮಂಜುಗಡ್ಡೆಯ ಮೈಮೇಲೆ ದ್ರವದಂಥ ತೆಳುಪದರ ಇದ್ದೇ ಇರುತ್ತದೆ. ಸೊನ್ನೆ ಹತ್ತಿರವಾದಷ್ಟೂ ಅದು ದಪ್ಪ. ಹಾಗಾಗಿ ಮೈನಸ್ 1 ಡಿಗ್ರಿಯ ದಾರಿ ಮೈನಸ್ 20ರ ದಾರಿಗಿಂತ ಹೆಚ್ಚು ಜಾರುತ್ತದೆ. ಒದ್ದೆ ಮಂಜುಗಡ್ಡೆಯ ಮೇಲೆ ರಬ್ಬರಿನ ಘರ್ಷಣಾಂಕ (ಹಿಡಿತದ ಅಳತೆ, ಕಡಿಮೆಯಾದಷ್ಟೂ ಜಾರು ಹೆಚ್ಚು) 0.1ರ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. 0.1 ಎಂದರೆ 6 ಡಿಗ್ರಿ ಇಳಿಜಾರಿನಲ್ಲಿ ಸುಮ್ಮನೆ ನಿಂತವರೂ ಜಾರತೊಡಗುತ್ತಾರೆ. ಒಣ ಬಂಡೆಯಲ್ಲಿ ಅದೇ ಬೂಟು 30 ಡಿಗ್ರಿಗೂ ಜಾರದು.

ಹವಾಮಾನ ಮುನ್ಸೂಚನೆಯಲ್ಲಿ 2 ಡಿಗ್ರಿ ಎಂದಿದ್ದರೆ ನೆಮ್ಮದಿಪಡಬೇಡಿ. ಅದು ನೆಲದಿಂದ ಒಂದೂವರೆ, ಎರಡು ಮೀಟರ್ ಮೇಲಿನ ಗಾಳಿಯ ಉಷ್ಣತೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಇನ್ನೂ ಕೆಲವು ಡಿಗ್ರಿ ಕೆಳಗಿಳಿದಿರುತ್ತದೆ. ಎತ್ತರ 1000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಇಳಿಕೆ ಬೇರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕರಗೀತು ಅನ್ನುವುದೂ ತಪ್ಪೆಣಿಕೆಯೇ. 1 ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು, ಅಷ್ಟರಲ್ಲಿ ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಬಿಸಿಲು ತಾಗದ ತಿರುವಿಗೆ ಅಷ್ಟು ಶಾಖ ಎಲ್ಲಿಂದ ಬರಬೇಕು? ಬಿಸಿಲಲ್ಲಿ ಕರಗಿದ ಜಾಗವೂ ನೆರಳು ಬಿದ್ದೊಡನೆ ಮತ್ತೆ ಹೆಪ್ಪುಗಟ್ಟುತ್ತದೆ.

ಗುಳ್ಳೆ ತುಂಬಿದ ಬಿಳಿ ಮಂಜುಗಡ್ಡೆ ಕಣ್ಣಿಗಾದರೂ ಬೀಳುತ್ತದೆ. ಬಂಡೆಗೆ ಅಂಟಿದ ಪಾರದರ್ಶಕ ಪೊರೆ ಬರೀ ಒದ್ದೆಯಂತೆ ತೋರುತ್ತದೆ. ಕೋಲಿನ ತುದಿಯಿಂದ ಕೆರೆದು ನೋಡಬೇಕು. ಅಡಿಯಿಂದಲೂ ಗಾಳಿ ಬೀಸುವ ಮರದ ಸೇತುವೆ ಬೇಗ ಹೆಪ್ಪುಗಟ್ಟುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಮಂಜುಗಡ್ಡೆಯ ಮೇಲೆ ಬಿದ್ದ ಎರಡು ಬೆರಳು ದಪ್ಪದ ಹೊಸ ಹಿಮ.

ಬೂಟಿಗೆ ಎಳೆದು ತೊಡಿಸುವ, ಸರಪಳಿಗೆ ಹಲ್ಲು ಜೋಡಿಸಿದ ಮೈಕ್ರೋಸ್ಪೈಕ್‌ಗಳ ಉಕ್ಕಿನ ಹಲ್ಲು ಸುಮಾರು 1 ಸೆಂ.ಮೀ. ಉದ್ದ. ತುಳಿದು ಗಟ್ಟಿಯಾದ ಸಾಧಾರಣ ಇಳಿಜಾರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ 1–2 ಮಿ.ಮೀ. ಪೊರೆಯಲ್ಲಿ ಹಲ್ಲು ಬಂಡೆಗೆ ತಾಗಿ ಜಾರುತ್ತದೆ, ಒದ್ದೆ ಹಿಮ ಸರಪಳಿಗೆ ಮೆತ್ತಿಕೊಂಡರೆ ಹಲ್ಲೇ ಮುಚ್ಚಿಹೋಗುತ್ತದೆ. ಆಗಾಗ ಕೋಲಿನಿಂದ ಬಡಿದು ಉದುರಿಸಬೇಕು. ಕಡಿದಾದ ಕಡೆ ಸರಪಳಿ ಪಕ್ಕಕ್ಕೆ ಸರಿಯುವುದರಿಂದ ಗಟ್ಟಿ ಅಟ್ಟೆಯ ಬೂಟು, ಕ್ರ್ಯಾಂಪಾನ್ (ಬೂಟಿಗೆ ಬಿಗಿಯುವ, ಉದ್ದ ಹಲ್ಲಿನ ಲೋಹದ ಚೌಕಟ್ಟು), ಹಿಮಗೊಡಲಿ, ಮೂರನ್ನೂ ಬಳಸಿದ ಅಭ್ಯಾಸ ಬೇಕು. ಸ್ಪೈಕ್ ತೊಡುವುದು ಜಾರುವ ಜಾಗ ತಲುಪುವ ಮುಂಚೆ, ಸಮತಟ್ಟಿನಲ್ಲಿ. ಕೋಲಿನ ರಬ್ಬರ್ ಟೋಪಿ ತೆಗೆದಿಡಿ.

ನಡಿಗೆಯಲ್ಲಿ ಹೆಜ್ಜೆ ಗಿಡ್ಡವಾಗಲಿ, ಮಂಡಿ ತುಸು ಬಾಗಿರಲಿ, ಪಾದ ಪೂರ್ತಿ ಒಮ್ಮೆಗೇ ಊರಲಿ. ಇಳಿಯುವಾಗ ಹಿಮ್ಮಡಿ ಮೊದಲು ಊರಿದರೆ ಬಲ ಮುಂದಕ್ಕೆ ತಳ್ಳುತ್ತದೆ, ಕಾಲು ಅದರ ಹಿಂದೆಯೇ ಹೋಗುತ್ತದೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಆದ್ದರಿಂದ ಹತ್ತುವಾಗಲೇ ಕೈ ಊರಬೇಕಾದ ಜಾಗ ಎದುರಾದರೆ ಅಲ್ಲಿಂದಲೇ ಹಿಂತಿರುಗುವುದು ಲೇಸು. ಅದೇ ಜಾಗವನ್ನು ಸಂಜೆ ಇಳಿಯಬೇಕಾಗುತ್ತದೆ, ಕಡಿಮೆ ಬೆಳಕಿನಲ್ಲಿ, ದಣಿದ ಕಾಲಿನಲ್ಲಿ.